ಗೆರೆಯ ಕಾವಲಿಗ

ಕಾಲ್ಚೆಂಡಾಟದಲ್ಲಿ ಗೋಲು ಹೊಡೆದವನ ಹೆಸರು ಉಳಿಯುತ್ತದೆ, ತಡೆದವನದು ಮಾಸುತ್ತದೆ. ವೆರ್ನರ್ ಕೋಲ್‌ಮಾಯರನನ್ನು ನಾನು ನೆನೆಯುವುದು ಇದಕ್ಕಾಗಿಯೇ. 1924ರಲ್ಲಿ ಜರ್ಮನಿಯ ಕೈಸರ್ಸ್‌ಲೌಟರ್ನ್ ಪಟ್ಟಣದಲ್ಲಿ ಹುಟ್ಟಿದ ಈತ, ಊರಿನ ತಂಡದ ಎಡಬದಿಯ ರಕ್ಷಕನಾಗಿ 1951, 1953ರಲ್ಲಿ ರಾಷ್ಟ್ರಪ್ರಶಸ್ತಿಯಲ್ಲಿ ಪಾಲ್ಗೊಂಡನು. 1954ರ ವಿಶ್ವಕಪ್ಪಿನಲ್ಲಿ ಯುಗೊಸ್ಲಾವಿಯದ ಹೊಡೆತಗಳನ್ನು ಗೋಲಿನ ಗೆರೆಯ ಮೇಲಿಂದಲೇ ಮತ್ತೆ ಮತ್ತೆ ಹಿಂದಟ್ಟಿದನು. ಬರ್ನ್ ನಗರದ ಅಂತಿಮ ಪಂದ್ಯದಲ್ಲಿ ಹಂಗೆರಿಯ ಎರಡನೆಯ ಗೋಲಿಗೆ ಈತನಿಗೂ ಗೋಲ್‌ಕೀಪರನಿಗೂ ಆದ ಗೊಂದಲವೇ ಕಾರಣ. ಆದರೂ ಎದೆಗುಂದಲಿಲ್ಲ, ಪಶ್ಚಿಮ ಜರ್ಮನಿ 3-2ರಿಂದ ಗೆದ್ದಿತು.

ಬಳಿಕ ಕುಡಿತವು ಅವನ ಸಂಸಾರವನ್ನೂ ಮನೆಯನ್ನೂ ನುಂಗಿತು. ಕೂಲಿ ಮಾಡಿದನು, ಕೊನೆಗೆ ಮೈಂಟ್ಸ್ ನಗರದ ಪತ್ರಿಕಾಲಯವೊಂದರ ಬಾಗಿಲು ಕಾದನು. 1974ರಲ್ಲಿ, ಐವತ್ತು ತುಂಬುವ ಮೊದಲೇ, ತೀರಿಕೊಂಡನು. ಬರ್ನಿನಲ್ಲಿ ಗೆದ್ದ ಹನ್ನೊಂದು ಮಂದಿಯಲ್ಲಿ ಮೊದಲು ಹೋದವನು ಈತನೇ. ಆ ವಿಜಯದ ಕಥೆಯನ್ನು ಓದುವಾಗಲೆಲ್ಲ ನಾನು ಮೊದಲು ಹುಡುಕುವುದು ಈ ಹೆಸರನ್ನು.