ಜಾತಿ ಕೇಳದ ಜೋಳಿಗೆ

ಮತವು ಮನುಷ್ಯನಿಗೆ ಆಚಾರವನ್ನು ಕಲಿಸುತ್ತದೆ. ಆ ಆಚಾರ ಪರರ ಹಸಿವಿಗೆ ಒದಗದಿದ್ದರೆ ಅದು ಬರಿಯ ಅಭಿಮಾನವಾಗಿ ಉಳಿಯುತ್ತದೆ. ಈ ಮಾತಿಗೆ ಗದುಗಿನ ಗಾನಯೋಗಿ ಪಂಚಾಕ್ಷರಿ ಗವಾಯಿಗಳ ಬದುಕೇ ಸಾಕ್ಷಿ.

1892ರಲ್ಲಿ ಹಾನಗಲ್ಲ ತಾಲೂಕಿನ ಕಾಡಶೆಟ್ಟಿಹಳ್ಳಿಯ ಬಡ ಜಂಗಮ ಮನೆತನದಲ್ಲಿ ಜನಿಸಿದ ಅವರ ಮೊದಲ ಹೆಸರು ಗದಿಗೆಯ್ಯ. ಕಣ್ಣಿಲ್ಲದ ಆ ಬಾಲಕನ ಕಂಠಸಿರಿಯನ್ನು ಗುರುತಿಸಿದವರು ಹಾನಗಲ್ಲ ಕುಮಾರ ಮಹಾಸ್ವಾಮಿಗಳು. ಅನ್ನವಿಕ್ಕಿ, ಆಶ್ರಯವಿತ್ತು, ಕರ್ನಾಟಕ ಮತ್ತು ಹಿಂದುಸ್ತಾನಿ ಎರಡೂ ಸಂಗೀತಗಳನ್ನು ಕಲಿಯಲು ಅನುವು ಮಾಡಿಕೊಟ್ಟರು.

ಹೀಗೆ ಮಠದ ಅನ್ನದಿಂದ ಬೆಳೆದ ಗವಾಯಿಗಳು ಆ ಋಣವನ್ನು ತೀರಿಸಿದ ಬಗೆ ನೋಡಿರಿ. ತಮ್ಮಂತೆಯೇ ಕಣ್ಣಿಲ್ಲದ ಮಕ್ಕಳನ್ನು ಕೂಡಿಸಿಕೊಂಡು ಸಂಚಾರಿ ಸಂಗೀತ ಪಾಠಶಾಲೆ ನಡೆಸಿದರು. ನೆಲೆಯಿಲ್ಲ, ಹಣವಿಲ್ಲ, ಊರೂರು ತಿರುಗಿ ಭಿಕ್ಷೆ ಬೇಡಿದರು, ನಾಟಕ ಕಂಪನಿಯನ್ನೂ ಕಟ್ಟಿದರು. ಉಣ್ಣುವ ಬಾಯಿ ಕಡಿಮೆಯಾದರೆ ಹೊರೆಯೂ ಹಗುರವಾಗುತ್ತಿತ್ತು. ಆದರೂ ಬಂದ ಮಗುವಿನ ಜಾತಿ ಮತಗಳನ್ನು ಕೇಳಿ ಬಾಗಿಲು ಮುಚ್ಚಲಿಲ್ಲ. ತಾವು ಮಾತ್ರ ಲಿಂಗಪೂಜೆಯ ನಿಷ್ಠೆಯನ್ನು ಕೊನೆಯವರೆಗೂ ಬಿಡಲಿಲ್ಲ.

ಕಡೆಗೆ ಗದುಗಿನಲ್ಲಿ ವೀರೇಶ್ವರ ಪುಣ್ಯಾಶ್ರಮ ನೆಲೆಗೊಂಡಿತು. 1944ರಲ್ಲಿ ಗವಾಯಿಗಳು ಲಿಂಗೈಕ್ಯರಾದರು. ಅಂಧರೇ ಆದ ಶಿಷ್ಯ ಪುಟ್ಟರಾಜ ಗವಾಯಿಗಳು 2010ರವರೆಗೆ ಆ ದಾಸೋಹವನ್ನು ನಡೆಸಿದರು.

ನಿಷ್ಠೆ ತಮಗೆ, ಅನ್ನ ಎಲ್ಲರಿಗೆ ಎಂಬುದು ಅವರ ನಡೆಯಾಗಿತ್ತು. ನಮ್ಮ ಮನೆಯ ಬಾಗಿಲಿಗೆ ಹಸಿದವರು ಬಂದಾಗ ಮೊದಲು ಕುಲ ಕೇಳುತ್ತೇವೆಯೋ, ಗಂಗಾಳ ಇಡುತ್ತೇವೆಯೋ? ಪ್ರತಿಯೊಬ್ಬ ಭಕ್ತನೂ ತನ್ನನ್ನು ತಾನೇ ಕೇಳಿಕೊಳ್ಳಲಿ.