ಸ್ಟೀವನ್ಸನ್ ಕಂಡ ದ್ವೀಪಗಳು

ರಾಬರ್ಟ್ ಲೂಯಿ ಸ್ಟೀವನ್ಸನ್ನನ ‘ಟ್ರೆಷರ್ ಐಲೆಂಡ್’ ಕಾದಂಬರಿಯನ್ನು ಓದಿದವರು, ಅದನ್ನು ತೆಂಕಣ ಕಡಲುಗಳಲ್ಲಿ ಸುತ್ತಿ ಬಂದವನೊಬ್ಬನು ಬರೆದಿರಬೇಕೆಂದು ಭಾವಿಸುವುದುಂಟು. ವಾಸ್ತವವಾಗಿ ಅದು 1881ರಲ್ಲಿ ಸ್ಕಾಟ್ಲೆಂಡಿನ ಬ್ರೇಮಾರ್ ಎಂಬಲ್ಲಿ, ಮಳೆಯ ದಿನಗಳಲ್ಲಿ, ಮಲಮಗನೊಡನೆ ಆಡುತ್ತ ಬರೆದ ಭೂಪಟವೊಂದರಿಂದ ಹುಟ್ಟಿದ ಕಥೆ. ಆ ಕಲ್ಪನೆಯ ದ್ವೀಪದಲ್ಲಿ ಹೂತಿಟ್ಟ ಹೊನ್ನಿದೆ, ಹೊನ್ನಿಗಾಗಿ ಬಡಿದಾಡುವವರಿದ್ದಾರೆ. ಅದನ್ನು ತಮ್ಮ ತಾಯ್ನೆಲವೆಂದು ಕರೆಯುವ ಜನರು ಮಾತ್ರ ಇಲ್ಲ. ಅಂತಹ ಜನರನ್ನು ಕಾಣಲು ಲೇಖಕನಿಗೆ ಇನ್ನೂ ಏಳು ವರ್ಷಗಳು ಬೇಕಾದವು.

1850ರಲ್ಲಿ ಎಡಿನ್‌ಬರೋ ನಗರದಲ್ಲಿ, ದೀಪಸ್ತಂಭಗಳನ್ನು ಕಟ್ಟುವ ಎಂಜಿನಿಯರುಗಳ ಮನೆತನದಲ್ಲಿ ಸ್ಟೀವನ್ಸನ್ ಜನಿಸಿದನು. ಬಾಲ್ಯದಿಂದಲೂ ಎದೆಯ ಬೇನೆ ಆತನನ್ನು ಬಿಡಲಿಲ್ಲ. 1887ರಲ್ಲಿ ತಂದೆ ತೀರಿಕೊಂಡ ಬಳಿಕ ಅಮೆರಿಕಕ್ಕೆ ಹೋದನು. ಬದುಕು ಮುಗಿಯುತ್ತ ಬಂದಿತೆಂದೇ ನಂಬಿದ್ದವನು, 1888ರ ಜೂನ್ 28ರಂದು, ‘ಕ್ಯಾಸ್ಕೊ’ ಎಂಬ 94 ಅಡಿ ಉದ್ದದ ವಿಹಾರನೌಕೆಯನ್ನು ಬಾಡಿಗೆಗೆ ಹಿಡಿದು, ಹೆಂಡತಿ ಫ್ಯಾನಿ, ಮಲಮಗ ಲಾಯ್ಡ್ ಮತ್ತು ತನ್ನ ತಾಯಿಯೊಡನೆ ಸ್ಯಾನ್ ಫ್ರಾನ್ಸಿಸ್ಕೊದಿಂದ ಶಾಂತಸಾಗರಕ್ಕಿಳಿದನು.

ಸರಿಯಾಗಿ ಒಂದು ತಿಂಗಳ ಮೇಲೆ, ಮುಂಜಾವಿನ ಮಬ್ಬಿನಲ್ಲಿ, ಮಾರ್ಕೆಸಸ್ ದ್ವೀಪಗಳ ಶಿಖರಗಳು ಕಾಣಿಸಿಕೊಂಡವು. ಆ ಚೆಲುವಿನ ಕಣಿವೆಗಳಲ್ಲಿ ಆತನು ಕಂಡದ್ದು ಕಾಡು ಬೆಳೆದ ಕಲ್ಲಿನ ಜಗಲಿಗಳನ್ನು. ಅವು ಹೊರಗಿನಿಂದ ಬಂದ ರೋಗಗಳಿಗೆ ಬಲಿಯಾದವರ ಮನೆಗಳ ಅಡಿಪಾಯಗಳಾಗಿದ್ದವು. ಕುಲಗಳು ಚೆದುರಿದ, ವೇಷಭೂಷಣಗಳು ನಿಷೇಧಕ್ಕೊಳಗಾದ ತನ್ನ ಸ್ಕಾಟ್ಲೆಂಡಿನ ಮಲೆನಾಡು ಆಗ ಆತನ ನೆನಪಿಗೆ ಬಂದಿತು. ದ್ವೀಪದವರ ಕಥೆಗಳನ್ನು ಕೇಳಬೇಕಾದಾಗ ಮೊದಲು ತನ್ನ ನಾಡಿನ ಕಥೆಯೊಂದನ್ನು ತಾನು ಹೇಳುತ್ತಿದ್ದನು. ಜಾನಪದವನ್ನು ಸಂಗ್ರಹಿಸಲು ಹೊರಡುವ ನನ್ನ ವಿದ್ಯಾರ್ಥಿಗಳಿಗೆ ನಾನು ಈ ಕ್ರಮವನ್ನೇ ಸೂಚಿಸುವುದುಂಟು.

ಅಲ್ಲಿಂದ ಮುಂದೆ ಟುವಮೋಟುವಿನ ತಗ್ಗಾದ ಹವಳದ ಬಳೆಗಳ ನಡುವೆ ಹಾದು ನೌಕೆ ಟಹೀಟಿಯನ್ನು ಸೇರಿತು. ಆ ವೇಳೆಗೆ ಸ್ಟೀವನ್ಸನ್ನನ ಪ್ರಾಣಕ್ಕೇ ಸಂಚಕಾರ ಬಂದಿತ್ತು. ಟೌಟಿರ ಎಂಬ ಹಳ್ಳಿಯಲ್ಲಿ ಮೋಯೆ ಎಂಬ ರಾಜವಂಶದ ಮಹಿಳೆ ಆತನನ್ನು ಉಪಚರಿಸಿದಳು. ಅಷ್ಟರಲ್ಲಿ ‘ಕ್ಯಾಸ್ಕೊ’ದ ಹಾಯಿಗಂಬಗಳು ಒಳಗೇ ಶಿಥಿಲವಾಗಿರುವುದು ಬೆಳಕಿಗೆ ಬಂದು, ಅದು ದುರಸ್ತಿಗೆ ಹೋಯಿತು. ವಾರಗಳು ಕಳೆದವು, ತಂದಿದ್ದ ದಿನಸಿ ತೀರಿತು. ಆಗ ಹಳ್ಳಿಯ ನಾಯಕನಾದ ಓರಿ ಆ ಸಂಸಾರವನ್ನು ತನ್ನದೆಂದೇ ಪೋಷಿಸಿದನು. ದ್ವೀಪದ ವಾಡಿಕೆಯಂತೆ ಇಬ್ಬರೂ ಹೆಸರುಗಳನ್ನು ಬದಲಾಯಿಸಿಕೊಂಡು ಸೋದರರಾದರು. ಹಣ ತೆತ್ತು ದ್ವೀಪಗಳನ್ನು ನೋಡಲು ಬಂದವನು ಇಲ್ಲಿ ಋಣಿಯಾದನು; ಆತನ ಉಳಿದ ಬದುಕೆಲ್ಲ ಈ ಋಣವನ್ನು ತೀರಿಸುವ ಯತ್ನವೆಂದು ನನಗೆ ತೋರುತ್ತದೆ.

1889ರ ಜನವರಿಯಲ್ಲಿ ಹೊನೊಲುಲುವಿನಲ್ಲಿ ‘ಕ್ಯಾಸ್ಕೊ’ವನ್ನು ಬಿಟ್ಟುಕೊಟ್ಟು, ವ್ಯಾಪಾರದ ಹಡಗೊಂದರಲ್ಲಿ ಗಿಲ್ಬರ್ಟ್ ದ್ವೀಪಗಳನ್ನು ಸುತ್ತಿ, ವರ್ಷದ ಕೊನೆಗೆ ಸಮೋವವನ್ನು ಮುಟ್ಟಿದನು. ಅಲ್ಲಿಯ ವೈಲಿಮದಲ್ಲಿ ನೆಲ ಕೊಂಡು ಮನೆ ಕಟ್ಟಿದನು. ಜನರು ಆತನನ್ನು ಟುಸಿಟಾಲ, ಎಂದರೆ ಕಥೆಗಾರ, ಎಂದು ಕರೆದರು. ಸೀಸೆಯೊಳಗಿನ ಭೂತದ ಕುರಿತು ಆತನು ಬರೆದ ಕಥೆ 1891ರಲ್ಲಿ ಸಮೋವ ಭಾಷೆಯಲ್ಲಿಯೂ ಅಚ್ಚಾಯಿತು. 1892ರಲ್ಲಿ, ದ್ವೀಪಕ್ಕಾಗಿ ಜರ್ಮನಿ, ಬ್ರಿಟನ್, ಅಮೆರಿಕಗಳು ನಡೆಸುತ್ತಿದ್ದ ಪೈಪೋಟಿಯನ್ನು ಬಯಲಿಗೆಳೆಯುವ ಗ್ರಂಥವನ್ನು ಪ್ರಕಟಿಸಿದನು. ಅಧಿಕಾರಿಗಳ ಕೋಪಕ್ಕೆ ಅಂಜಲಿಲ್ಲ. ಸೋತು ಸೆರೆಯಲ್ಲಿದ್ದ ನಾಯಕರಿಗೆ ಆಹಾರ ಒಯ್ದನು. ಬಿಡುಗಡೆಯಾದ ಆ ನಾಯಕರು 1894ರಲ್ಲಿ ತಾವಾಗಿಯೇ ಬಂದು ಆತನ ಮನೆಗೆ ರಸ್ತೆಯೊಂದನ್ನು ಕಡಿದುಕೊಟ್ಟರು.

ಅದೇ ವರ್ಷದ ಡಿಸೆಂಬರ್ 3ರಂದು, 44ನೆಯ ವಯಸ್ಸಿನಲ್ಲಿ, ಸ್ಟೀವನ್ಸನ್ ತೀರಿಕೊಂಡನು. ಆ ದಿನ ಬೆಳಿಗ್ಗೆಯೂ ಆತನು ಸ್ಕಾಟ್ಲೆಂಡಿನ ಕಥೆಯೊಂದನ್ನು ಬರೆಯಿಸುತ್ತಿದ್ದನು. ಅದು ಅಪೂರ್ಣವಾಗಿಯೇ ಉಳಿಯಿತು. ವಾಯೆಯ ಬೆಟ್ಟದ ನೆತ್ತಿಯಲ್ಲಿ ತನ್ನನ್ನು ಹೂಳಬೇಕೆಂಬುದು ಆತನ ಇಚ್ಛೆಯಾಗಿತ್ತು. ಅಲ್ಲಿಗೆ ದಾರಿಯಿರಲಿಲ್ಲ. ಸಮೋವದ ಜನರು ಕೊಡಲಿ ಹಿಡಿದು ಬಂದು, ಕಾಡನ್ನು ಕಡಿದು ದಾರಿಮಾಡಿ, ತಮ್ಮ ಕಥೆಗಾರನನ್ನು ಹೆಗಲ ಮೇಲೆ ಹೊತ್ತು ಬೆಟ್ಟ ಹತ್ತಿದರು.