ಡೆನ್ನಿಸ್ ರಿಚಿ: ಸಿ ಭಾಷೆಯ ನಿರ್ಮಾತೃ

ತಾನು ಕಟ್ಟಿದ ಕೃತಿಯನ್ನು ಅನ್ಯರು ತಿದ್ದುವಾಗ ಯೋಗ್ಯವಾದುದನ್ನು ಒಪ್ಪಿ, ಅಯೋಗ್ಯವಾದುದನ್ನು ನಿರ್ಭೀತಿಯಿಂದ ತಡೆಯುವ ವಿವೇಕ ಎಲ್ಲ ನಿರ್ಮಾತೃಗಳಿಗೂ ಸಿದ್ಧಿಸುವುದಿಲ್ಲ. ಗಣಕಯಂತ್ರಗಳ ಸಿ ಭಾಷೆಯನ್ನು ರೂಪಿಸಿದ ಡೆನ್ನಿಸ್ ರಿಚಿಯವರಲ್ಲಿ ಆ ವಿವೇಕವಿತ್ತು.

ರಿಚಿಯವರು ೧೯೪೧ರ ಸೆಪ್ಟೆಂಬರ್ ೯ರಂದು ಅಮೆರಿಕದ ನ್ಯೂಯಾರ್ಕ್ ರಾಜ್ಯದ ಬ್ರಾಂಕ್ಸ್‌ವಿಲ್‌ನಲ್ಲಿ ಜನಿಸಿದರು. ತಂದೆ ಅಲಿಸ್ಟೇರ್ ರಿಚಿಯವರು ಬೆಲ್ ಪ್ರಯೋಗಾಲಯದ ವಿಜ್ಞಾನಿಗಳು. ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಭೌತಶಾಸ್ತ್ರ ಹಾಗೂ ಅನ್ವಯಿಕ ಗಣಿತವನ್ನು ಅಭ್ಯಸಿಸಿದ ಮಗನೂ ೧೯೬೭ರಲ್ಲಿ ಅದೇ ಪ್ರಯೋಗಾಲಯವನ್ನು ಸೇರಿದರು. ಅಲ್ಲಿ ಕೆನ್ ಥಾಂಪ್ಸನ್ನರೊಡನೆ ಯೂನಿಕ್ಸ್ ವ್ಯವಸ್ಥೆಗಾಗಿ ದುಡಿಯುತ್ತ, ಥಾಂಪ್ಸನ್ನರ ಬಿ ಭಾಷೆಯನ್ನು ವಿಸ್ತರಿಸಿ ಸಿ ಭಾಷೆಯನ್ನು ನಿರ್ಮಿಸಿದರು. ೧೯೭೩ರಲ್ಲಿ ಯೂನಿಕ್ಸ್‌ನ ತಿರುಳನ್ನೇ ಆ ಭಾಷೆಯಲ್ಲಿ ಪುನಃ ಬರೆಯಲಾಯಿತು.

ಸಿ ಭಾಷೆಯಲ್ಲಿ ಪ್ರೋಗ್ರಾಮಿನ ಕೆಲಸಗಳೆಲ್ಲ ಫಂಕ್ಷನ್‌ಗಳಲ್ಲಿ ಹಂಚಿಕೆಯಾಗಿರುತ್ತವೆ. ಫಂಕ್ಷನ್ ತನ್ನ ಕೆಲಸಕ್ಕಾಗಿ ಪಡೆಯುವ ಮೌಲ್ಯಗಳಿಗೆ ಇಟ್ಟ ಹೆಸರುಗಳೇ ಪ್ಯಾರಾಮೀಟರುಗಳು. ೧೯೭೮ರಲ್ಲಿ ಬ್ರಿಯನ್ ಕರ್ನಿಗನ್ ಮತ್ತು ರಿಚಿಯವರು ಪ್ರಕಟಿಸಿದ ಪ್ರಸಿದ್ಧ ಗ್ರಂಥದ ನಿಯಮದಂತೆ, ಫಂಕ್ಷನ್ನಿನ ಘೋಷಣೆಯು ಅದು ಮರಳಿಸುವ ಮೌಲ್ಯದ ಬಗೆಯನ್ನಷ್ಟೇ ತಿಳಿಸುತ್ತಿತ್ತು. ಪ್ಯಾರಾಮೀಟರುಗಳ ವಿಷಯದಲ್ಲಿ ಮೌನವಾಗಿರುತ್ತಿತ್ತು. ವರ್ಗಮೂಲ ಕಂಡುಹಿಡಿಯುವ ಫಂಕ್ಷನ್ನಿಗೆ ದಶಾಂಶರೂಪದ ಸಂಖ್ಯೆಯ ಬದಲು ಪೂರ್ಣಾಂಕ ೨ನ್ನು ಕೊಟ್ಟರೂ ಕಂಪೈಲರ್ ತಡೆಯುತ್ತಿರಲಿಲ್ಲ. ಅಸಂಬದ್ಧ ಉತ್ತರ ಬಂದಾಗಲೇ ತಪ್ಪು ಬಯಲಾಗುತ್ತಿತ್ತು. ಕೆಲವೇ ಪರಿಣತರ ಬಳಕೆಯಲ್ಲಿದ್ದಾಗ ಸಹ್ಯವಾಗಿದ್ದ ಈ ಸಡಿಲತೆ, ಭಾಷೆ ಜಗತ್ತಿನಾದ್ಯಂತ ಹರಡಿದಾಗ ಅಪಾಯಕಾರಿಯಾಯಿತು.

೧೯೮೩ರಲ್ಲಿ ಅಮೆರಿಕದ ಮಾನಕ ಸಂಸ್ಥೆಯು ಸಮಿತಿಯೊಂದನ್ನು ನೇಮಿಸಿತು. ಪ್ಯಾರಾಮೀಟರುಗಳ ಸಂಖ್ಯೆಯನ್ನೂ ಬಗೆಯನ್ನೂ ಮುಂಚಿತವಾಗಿ ಸಾರುವ ಪ್ರೊಟೊಟೈಪ್ ಪದ್ಧತಿಯನ್ನು ಆ ಸಮಿತಿ ಸಿ ಪ್ಲಸ್ ಪ್ಲಸ್ ಭಾಷೆಯಿಂದ ಸ್ವೀಕರಿಸಿತು. ಅದಾಗಲೇ ಬಳಕೆಯಲ್ಲಿದ್ದ ಅಪಾರ ಪ್ರೋಗ್ರಾಮುಗಳು ನಿರುಪಯುಕ್ತವಾಗದಿರಲೆಂದು ೧೯೮೯ರ ಮಾನಕವು ಹಳೆಯ ರೀತಿಯನ್ನೂ ಉಳಿಸಿಕೊಂಡಿತು. ರಿಚಿಯವರಾದರೋ ೧೯೮೮ರಲ್ಲಿಯೇ ತಮ್ಮ ಗ್ರಂಥದ ಎರಡನೆಯ ಆವೃತ್ತಿಯನ್ನು ಹೊಸ ಪದ್ಧತಿಗೆ ಅನುಗುಣವಾಗಿ ಪರಿಷ್ಕರಿಸಿದ್ದರು. ಅದೇ ವರ್ಷ ಸಮಿತಿಯು ನೋಅಲಿಯಾಸ್ ಎಂಬ ವಿಶೇಷಣವನ್ನು ಸೇರಿಸಲು ಹೊರಟಾಗ, ಅದು ಭಾಷೆಗೆ ಹಾನಿಕರವೆಂದು ಅವರು ಕಟುವಾಗಿ ವಿರೋಧಿಸಿದರು. ಸಮಿತಿ ಅದನ್ನು ಕೈಬಿಟ್ಟಿತು. ಅದರ ಉದ್ದೇಶವನ್ನು ಹೆಚ್ಚು ಸೀಮಿತವಾಗಿ ಈಡೇರಿಸುವ ರಿಸ್ಟ್ರಿಕ್ಟ್ ಎಂಬ ವಿಶೇಷಣವು ೧೯೯೯ರ ಮಾನಕದಲ್ಲಿ ಸ್ಥಾನ ಪಡೆಯಿತು. ಘೋಷಿಸದ ಫಂಕ್ಷನ್ನನ್ನು ಕರೆಯುವ ಸಡಿಲತೆಯೂ ಆ ಮಾನಕದಿಂದ ರದ್ದಾಯಿತು.

೧೯೮೩ರಲ್ಲಿ ಥಾಂಪ್ಸನ್ನರೊಡನೆ ಟ್ಯೂರಿಂಗ್ ಪ್ರಶಸ್ತಿಗೆ ಪಾತ್ರರಾದ ರಿಚಿಯವರು ೨೦೧೧ರ ಅಕ್ಟೋಬರ್‌ನಲ್ಲಿ ನಿಧನರಾದರು. ೨೦೨೪ರಲ್ಲಿ ಪ್ರಕಟವಾದ ಮಾನಕವು ಅವರ ಮೊದಲ ಗ್ರಂಥದ ರೀತಿಯ ಫಂಕ್ಷನ್ ನಿರೂಪಣೆಯನ್ನು ಸಂಪೂರ್ಣವಾಗಿ ತೆಗೆದುಹಾಕಿತು. ಬರಿದಾದ ಆವರಣಕ್ಕೆ ಪ್ಯಾರಾಮೀಟರುಗಳಿಲ್ಲವೆಂಬ ಒಂದೇ ಅರ್ಥ ಉಳಿಯಿತು. ಗುರುವಿನ ಪ್ರಥಮ ಪಾಠವನ್ನು ಶಿಷ್ಯರು ತಿದ್ದುವುದು ಅನಾದರವಲ್ಲ. ಆ ವಿದ್ಯೆ ಜೀವಂತವಾಗಿರುವುದಕ್ಕೆ ಅದೇ ಸಾಕ್ಷಿ. ತಿದ್ದುಪಡಿಗೆ ತಮ್ಮ ಗ್ರಂಥವನ್ನೇ ಒಡ್ಡಿಕೊಂಡ ರಿಚಿಯವರು ಈ ದಾರಿಯನ್ನು ಸ್ವತಃ ತೋರಿದ್ದರು.